ಪಡುವಣ ಬುರುಜಿನ ಕಾವಲು

"ಎಲ್ಲಾ ನೋಡಿ. ಪಡುವಣ ಬುರುಜಿನ ಗೂಡಲ್ಲಿ ಮಾತ್ರ ಕೂತ್ಕೊಳ್ಬೇಡಿ ಮಾರಾಯ್ರೆ," ಎಂದು ಟಿಕೀಟು ಹರಿದುಕೊಟ್ಟ ಸೇತುರಾಮ ದನಿ ತಗ್ಗಿಸಿದ. "ಕೂತ್ರೂ, ಯಾರಾದ್ರೂ ಏನಾದ್ರೂ ಕೇಳಿದ್ರೆ ಹೂಂ ಅನ್ಬೇಡಿ."

ಮುನಿರಾಮಯ್ಯ ನಕ್ಕುಬಿಟ್ಟ. ಮನೆ ರಾಜಾಜಿನಗರದ ಹೊಸ ಬಡಾವಣೆಯಲ್ಲಿ, ಕೆಲಸ ಮಾಗಡಿ ರಸ್ತೆ ಕಡೆಯ ಒಂದು ಬಟ್ಟೆ ಮಿಲ್ಲಿನಲ್ಲಿ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿ ಕಣ್ಣು ಗುಳಿಬಿದ್ದಿದ್ದವು. ಧರ್ಮಸ್ಥಳದ ಹರಕೆ ತೀರಿಸಿದ ಮೇಲೆ, ಒಂದು ಸಲ ಕಡಲು ನೋಡಬೇಕೆಂದ ಹೆಂಡತಿ ಇಂದ್ರಮ್ಮನ ಆಸೆಗೆ ಮಣಿದು, ಮ್ಯೂಸಿಯಂ ಮಾಡಿದ್ದ ಈ ಕೋಟೆಗೆ ಬಂದಿದ್ದ.

"ಯಾಕಪ್ಪಾ, ಅಲ್ಲಿ ಯಾರಿದಾರೆ?" ಎಂದು ಇಂದ್ರಮ್ಮ ಕೇಳಿದಳು.

ಸೇತುರಾಮ ಹೇಳಲೋ ಬೇಡವೋ ಎಂಬಂತೆ ಹೇಳಿದ. ಹಿಂದೆ ಆ ಗೂಡಿನ ಕಾವಲಿನವ ತೂಕಡಿಸಿದ್ದನಂತೆ. ಆ ಹೊತ್ತಿಗೆ ಹಗೆಗಳು ಕಡಲಿನಿಂದ ಹತ್ತಿ ಬಂದು ಕೋಟೆಯ ಜನರನ್ನೆಲ್ಲ ಕಡಿದರಂತೆ. ಬದುಕುಳಿದ ದೊರೆ ಮಂತ್ರವಾದಿಯನ್ನು ಕರೆಸಿ, ಕಾವಲಿನವನ ಕೂದಲು ಸುತ್ತಿದ ಮೊಳೆಯನ್ನು ಗೋಡೆಗೆ ಹೊಡೆಸಿದ. ಸತ್ತರೂ ಕಣ್ಣು ಮುಚ್ಚಬಾರದೆಂಬ ಮಾಟ. ಬೇರೆ ಯಾರಾದರೂ ಬಾಯಿಬಿಟ್ಟು ಕಾವಲು ಒಪ್ಪಿಕೊಂಡರಷ್ಟೇ ಅವನಿಗೆ ಬಿಡುಗಡೆ.

"ಅಂಥವನೊಬ್ಬ ನಮ್ಮ ಮಿಲ್ಲಿಗೆ ಬೇಕಿತ್ತು ಬಿಡಿ," ಎಂದು ಮುನಿರಾಮಯ್ಯ ಮತ್ತೆ ನಕ್ಕ. ಸೇತುರಾಮ ನಗಲಿಲ್ಲ.

ಗಾಜಿನ ಪೆಟ್ಟಿಗೆಗಳಲ್ಲಿಟ್ಟ ತುಕ್ಕು ಕತ್ತಿಗಳನ್ನೂ ಹಳೇ ನಾಣ್ಯಗಳನ್ನೂ ನೋಡುತ್ತ ಇಂದ್ರಮ್ಮ ಒಳಗೇ ನಿಂತಳು. ಅವನು ಬುರುಜು ಹತ್ತಿದ. ಬಸ್ಸಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿತ್ತು. ಮೇಲೆ ಸುಡುಬಿಸಿಲು. ಗೂಡಿನೊಳಗೆ ಮಾತ್ರ ತಂಪು ಕತ್ತಲೆ, ಬಾವಲಿಯ ಹಿಕ್ಕೆಯ ಘಾಟು, ಉಪ್ಪು ಗಾಳಿ. ಕಲ್ಲಿಗೆ ಬೆನ್ನು ಕೊಟ್ಟು ಕೂತ. ಕೆಳಗೆ ಅಲೆ ಬಡಿಯುವ ಸದ್ದಿಗೆ ರೆಪ್ಪೆ ಭಾರವಾಯಿತು.

ಕಿವಿಯ ಪಕ್ಕದಲ್ಲೇ ಯಾರೋ ನಿಟ್ಟುಸಿರುಬಿಟ್ಟರು. "ಸ್ವಲ್ಪ ನೋಡ್ಕೋತೀಯಾ ಅಣ್ಣಾ?"

ಅಷ್ಟು ದಣಿದ ದನಿ. ಮಿಲ್ಲಿನಲ್ಲಿ ಪಾಳಿ ಮುಗಿಸಿದವರ ದನಿಯ ಹಾಗೇ ಇತ್ತು. ಅರೆನಿದ್ದೆಯಲ್ಲಿ ಅವನೂ ಅಭ್ಯಾಸಬಲದಿಂದ ಅಂದುಬಿಟ್ಟ: "ಹೂಂ, ನಾನು ನೋಡ್ಕೋತೀನಿ. ನೀನು ಹೋಗಿ ಮಲಕ್ಕೊ."

ಗೋಡೆಯಿಂದ ಏನೋ ಕಬ್ಬಿಣದ್ದು ಕಳಚಿ ಠಣ್ಣೆಂದು ಬಿತ್ತು. ಮುನಿರಾಮಯ್ಯನ ಕಣ್ಣು ತೆರೆದವು. ಮತ್ತೆ ಮುಚ್ಚಲಿಲ್ಲ.

ಊರಿಗೆ ಬಂದ ಮೇಲೆ ದಿನಗಳು ಒಂದಕ್ಕೊಂದು ಅಂಟಿಕೊಂಡವು. ಹಗಲೂ ಇಲ್ಲ, ರಾತ್ರಿಯೂ ಇಲ್ಲ, ಬರೀ ಎಚ್ಚರ. ಕಣ್ಣಲ್ಲಿ ಮರಳು ತುಂಬಿದಂಥ ಉರಿ. ಮಗ್ಗದ ಗದ್ದಲದ ನಡುವೆಯೂ ಕಿವಿಯಲ್ಲಿ ಅಲೆಯ ಸದ್ದು. ಡಾಕ್ಟರು ಕೊಟ್ಟ ಮಾತ್ರೆ ತಟ್ಟಲಿಲ್ಲ. ಕೆಂಗೇರಿಯ ಮಂತ್ರವಾದಿ ತಿಮ್ಮಯ್ಯ ಕಟ್ಟಿದ ತಾಯಿತದ ದಾರ ತಾನಾಗಿ ಒದ್ದೆಯಾಗಿ, ಕೊಳೆತು, ಉದುರಿಹೋಯಿತು. "ಇದು ನನ್ನ ಕೈ ಮೀರಿದ್ದು ಕಣಪ್ಪಾ," ಎಂದು ತಿಮ್ಮಯ್ಯ ಬಾಗಿಲು ಹಾಕಿಕೊಂಡ.

ಒಂದು ಸಂಜೆ ಹೊಸ್ತಿಲ ಮೇಲೆ ಕೂತಿದ್ದಾಗ ಅವರು ಕಂಡರು. ದೂರದಲ್ಲಿ, ಮಾರೇನಹಳ್ಳಿ ಕಡೆಯ ಹೊಲಗಳ ಆಚೆ, ಸಾಲಾಗಿ ನಿಂತ ಜನ. ಮೈಯೆಲ್ಲ ನೀರು. ಕೈಯಲ್ಲಿ ಕತ್ತಿ. ಅಷ್ಟು ದೂರದಿಂದಲೂ ಕೊಳೆತ ಮೀನಿನ ನಾತ ಬಡಿಯಿತು. ಅವನು ನೋಡುತ್ತಿರುವಷ್ಟು ಹೊತ್ತು ಅವರು ಅಲ್ಲಾಡಲಿಲ್ಲ. ಕಡಲಿನಿಂದ ಹತ್ತಿ ಬಂದಿದ್ದ ಆ ಹಗೆಗಳು ಮುಂದೆ ಬರದಂತೆ ತಾನು ಕಾಯುತ್ತಿರುವುದೆಂದು ಆಗ ತಿಳಿಯಿತು. ಇಂದ್ರಮ್ಮನಿಗೆ ಹೇಳಲಿಲ್ಲ. ಹೆದರಿಯಾಳು ಎಂದು ನುಂಗಿಕೊಂಡ.

ಅವಳು ದಿನವೂ ಅವನನ್ನು ನೋಡುತ್ತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು, ಅನ್ನ ಬಾಯಿಗೆ ಹೋಗುತ್ತಿರಲಿಲ್ಲ, ಕೆಲಸದಲ್ಲಿ ಕೈ ತಪ್ಪುತ್ತಿತ್ತು. ದೀಪ ಹಚ್ಚುವ ಹೊತ್ತಿನಲ್ಲಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಏನೂಂದ್ರೆ, ಆ ಸೇತುರಾಮ ಹೇಳಿದ್ದು ನನಗೆ ನೆನಪಿದೆ."

"ಇಂದ್ರಾ, ಸುಮ್ನಿರು."

"ಸ್ವಲ್ಪ ಮಲಕ್ಕೊಳ್ಳಿ. ನಾನು ನೋಡ್ಕೋತೀನಿ."

ಅವಳ ಬಾಯಿ ಮುಚ್ಚಬಹುದಿತ್ತು. ಬೇಡ ಅನ್ನಬಹುದಿತ್ತು. ಕೈ ಏಳಲಿಲ್ಲ. ನಾಲಿಗೆ ಹೊರಳಲಿಲ್ಲ. ನಿದ್ದೆ ಬಾವಿಯಂತೆ ಬಾಯಿ ತೆರೆದಿತ್ತು. ಹೂಂ ಎಂದ. ಬಿದ್ದುಬಿಟ್ಟ.

ಎದ್ದಾಗ ಮುಖದ ಮೇಲೆ ಬಿಸಿಲು. ಮೈ ಹಗುರ. ಎಷ್ಟೋ ಕಾಲದ ಮೇಲೆ ಹಸಿವು. ಹೊಸ್ತಿಲಲ್ಲಿ ಇಂದ್ರಮ್ಮ ಕೂತಿದ್ದಳು. ಕಣ್ಣು ಕೆಂಡ. ರೆಪ್ಪೆ ಬಡಿಯುತ್ತಿಲ್ಲ.

"ಯಾರು ರೀ ಅವರು? ಅಷ್ಟೊಂದು ಜನ?" ಎಂದಳು, ತಿರುಗದೆ.

ಅವನು ಓಡಿಹೋಗಿ ಅವಳ ಭುಜ ಹಿಡಿದ. "ಏಳು! ಇನ್ನು ನಾನು ನೋಡ್ಕೋತೀನಿ. ನೀನು ಮಲಕ್ಕೊ. ಹೂಂ ಅನ್ನು. ಅನ್ನೇ!"

"ಹೂಂ," ಎಂದವಳು ಅಲ್ಲೇ ಅವನ ಮೇಲೆ ಒರಗಿದಳು. ಉರಿ ಅವನ ಕಣ್ಣಿಗೆ ಮರಳಿತು. ತಲೆಯೆತ್ತಿದ.

ಹೊಲಗಳ ಆಚೆ ಯಾರೂ ಇರಲಿಲ್ಲ.

ಅವರು ಬೀದಿಯ ಕೊನೆಯ ನಲ್ಲಿಯ ಹತ್ತಿರ ನಿಂತಿದ್ದರು. ಬಿಂದಿಗೆ ಹಿಡಿದ ಹೆಂಗಸರು ಏನೂ ಕಾಣದೆ ಅವರ ನಡುವೆಯೇ ಓಡಾಡುತ್ತಿದ್ದರು. ಕತ್ತಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾವಲು ಕೈ ಬದಲಾಗುವ ಆ ಚಣದಲ್ಲಿ ಯಾರೂ ನೋಡುತ್ತಿರಲಿಲ್ಲ. ಅವರಿಗೆ ಅಷ್ಟು ಸಾಕಾಗಿತ್ತು. ಕಾವಲು ಇಂದ್ರಮ್ಮನಿಗೆ ಹೋಗುವಾಗ ಒಂದು ಸಲ, ಅವನಿಗೆ ಮರಳಿ ಬರುವಾಗ ಒಂದು ಸಲ ಮುಂದೆ ಸರಿದಿದ್ದರು.

ಇನ್ನು ಬದಲಾಯಿಸಕೂಡದು ಎಂದುಕೊಂಡ. ಇಂದ್ರಮ್ಮನಿಗೂ ಎಲ್ಲ ಹೇಳಿ, ಆಣೆ ಹಾಕಿಸಿಕೊಂಡ. ಮಿಲ್ಲಿನ ಕೆಲಸ ಹೋಯಿತು. ಮಳೆಗಾಲ ಬಂತು. ಅವನು ಹೊಸ್ತಿಲು ಬಿಟ್ಟೇಳಲಿಲ್ಲ. ಮೈ ಒಣಗಿ ಕಡ್ಡಿಯಾಯಿತು. ಕೊನೆಕೊನೆಗೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ.

ಇಂದ್ರಮ್ಮ ಕಾಫಿ ಲೋಟ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಅವನ ಹಣೆಯ ಗಾಯವನ್ನು ಸೆರಗಿನಿಂದ ಒರೆಸಿದಳು. ಬೀದಿಯ ಕಡೆ ಒಮ್ಮೆ ನೋಡಿದಳು. ಅವಳಿಗೇನೂ ಕಾಣಲಿಲ್ಲ.

"ಒಂದೇ ಒಂದು ಗಳಿಗೆ ಕಣ್ರೀ," ಎಂದಳು.

"ಬೇಡ ಇಂದ್ರಾ," ಎಂದ ಮುನಿರಾಮಯ್ಯ. ದನಿಯಲ್ಲಿ ಬಲವಿರಲಿಲ್ಲ.