ಕರೆದರೆ 'ಓ' ಎನ್ನುವವನು

"ಅಯ್ಯೋ ದೇವ್ರ... ಸೂಜಿ ಬೆರಳಾಗ ಹೊಕ್ಕೈತಿ! ಒದರಬಾರ್ದೇನ್ರಿ?"

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಮೆಕ್ಯಾನಿಕ್ ಆಗಿದ್ದ ಬಾಳೇಶ, ಬಟ್ಟೆ ಮೇಲಿನ ರಕ್ತ ಕಂಡು ಓಡಿಬಂದ. ಹೊಲಿಗೆ ಮೆಷಿನ್ನಿನ ಚಕ್ರ ಹಿಂದಕ್ಕೆ ತಿರುಗಿಸಿ, ಅದರ ಮುಂದೆ ಕೂತಿದ್ದ ಸುವರ್ಣಾಳ ಬೆರಳು ಬಿಡಿಸಿದ. ಅವಳ ಕಣ್ಣಲ್ಲಿ ನೀರಿಲ್ಲ, ಬಾಯಲ್ಲಿ ಸದ್ದಿಲ್ಲ. ಪಕ್ಕದ ಮೆಷಿನ್ನಿನ ಇಂದ್ರಮ್ಮನಿಗೂ ಗೊತ್ತಾಗಿರಲಿಲ್ಲ!

"ನೋವಾಗಲ್ಲೇನ್ರಿ ನಿಮ್ಗ?"

"ಆಗುತ್ತೆ."

"ಮತ್ತ?"

ಅವಳು ಬಟ್ಟೆ ಚೂರೊಂದನ್ನು ಬೆರಳಿಗೆ ಸುತ್ತಿಕೊಂಡಳು.

ಅತ್ತರೆ ತಾನೇ ಅಮ್ಮ ಹಾಲು ಕೊಡೋದು ಅಂತಾರೆ. ಆ ಮಾತು ಕಟ್ಟಿದವರು ಅನಾಥಾಶ್ರಮದ ತೊಟ್ಟಿಲ ಸಾಲು ನೋಡಿರಲಿಕ್ಕಿಲ್ಲ. ಸುವರ್ಣಾ ಬೆಳೆದದ್ದು ಅಲ್ಲೇ. ಆಯಾಗಳು ಕೆಟ್ಟವರಲ್ಲ, ಪಾಪ... ಕೈ ಸಾಲುತ್ತಿರಲಿಲ್ಲ ಅಷ್ಟೇ. ಹಾಲು ಬರುತ್ತಿದ್ದದ್ದು ಗಂಟೆ ಹೊಡೆದಾಗ, ಅತ್ತಾಗಲ್ಲ. ಒಬ್ಬಳ ಸೀರೆ ವಾಸನೆ ರೂಢಿಯಾಗುವಷ್ಟರಲ್ಲಿ ಇನ್ನೊಬ್ಬಳು ಬಂದಿರುತ್ತಿದ್ದಳು. ಕೊನೆಗೆ ಮಕ್ಕಳು ಅಳೋದನ್ನೇ ಬಿಟ್ಟವು. 'ಎಷ್ಟು ಒಳ್ಳೇ ಮಕ್ಕಳು!' ಅಂತ ನೋಡಲು ಬಂದವರು ಹೊಗಳಿದ್ದರಂತೆ.

ಈಗಲೂ ಅವಳು ಯಾರನ್ನೂ ಕೂಗುವುದಿಲ್ಲ. ಹತ್ತಿರ ಹೋಗಿ ಭುಜ ಮುಟ್ಟುತ್ತಾಳೆ.

ಬಾಳೇಶನಿಗೆ ಆ ಮುಟ್ಟುವಿಕೆಯೇ ಇಷ್ಟವಾಯಿತು. ಸಂಜೆ ಟೀ, ರಜೆ ದಿನ ಹೊಸಹಳ್ಳಿ ಕಡೆ ನಡಿಗೆ... ಅವಳೂ ಅವನನ್ನು ಹಚ್ಚಿಕೊಂಡಳು. ಹೇಳಲಿಲ್ಲ ಅಷ್ಟೇ.

ಒಮ್ಮೆ ಜ್ವರ ಬಂದು ರೂಮಿನಲ್ಲಿ ಒಬ್ಬಳೇ ಬಿದ್ದುಕೊಂಡಿದ್ದಳು. ಅವನೇ ಹುಡುಕಿಕೊಂಡು ಬಂದ.

"ಒಂದ್ ಫೋನ್ ಮಾಡಾಕ ಆಗ್ಲಿಲ್ಲೇನು? ನಾ ನಿನಗ ಯಾರೂ ಅಲ್ಲೇನು?"

'ನಾನು ಕರೆದೂ ನೀನು ಬರದೇ ಹೋದ್ರೆ?' ಅಂತ ಅವಳು ಒಳಗೊಳಗೇ ಅಂದುಕೊಂಡಳು.

"ಹುಬ್ಬಳ್ಳ್ಯಾಗ ಕೆಲ್ಸ ಸಿಕ್ಕೈತಿ. ಐತ್ವಾರ ಹೊಂಟೀನಿ. ಬ್ಯಾಡ ಅಂದ್ರ ಹೋಗಾಂಗಿಲ್ಲ. ಹೇಳು..."

ಅವಳು ಗೋಡೆ ನೋಡುತ್ತಾ ಕೂತಳು. ಇವಳಿಗೆ ನಾನು ಬೇಡ ಅಂದುಕೊಂಡು ಅವನು ಎದ್ದುಹೋದ.

ಭಾನುವಾರ ಅವಳು ಮಾಗಡಿ ರಸ್ತೆಯ ಸ್ಟಾಪಿಗೆ ಓಡಿಬರುವಷ್ಟರಲ್ಲಿ ಅವನು ಬಸ್ ಹತ್ತಿದ್ದ. ನಡುವೆ ಆಟೋ, ಬೈಕು, ಜನ. ಕೈ ಚಾಚಿದರೂ ಆ ಭುಜ ಸಿಗುವಂತಿರಲಿಲ್ಲ. ಬಸ್ ಹೊರಟೇಬಿಟ್ಟಿತು!

"ಬಾಳೇಶಾ...!"

ಒಡೆದ ದನಿ. ತನ್ನದೇ ಅಂತ ಅವಳಿಗೇ ಗುರುತು ಸಿಗಲಿಲ್ಲ.

"ಬಾಳೇಶಾ! ಹೋಗ್ಬೇಡ ಕಣೋ!"

ತಿರುಗಿ ನೋಡಿದವರೆಲ್ಲ ಬೇರೆಯವರು. ಬಸ್ ತಿರುವಿನಲ್ಲಿ ಮರೆಯಾಯಿತು. ಸುವರ್ಣಾ ಫುಟ್‌ಪಾತ್ ಮೇಲೆ ಕುಸಿದಳು. ಇಷ್ಟು ವರ್ಷ ತಡೆದಿದ್ದ ಅಳು ಒಟ್ಟಿಗೇ ನುಗ್ಗಿತು. ಕರೆದೆ... ಬರಲಿಲ್ಲ...

"ಬಂದ್ನಿ... ಅಳಬ್ಯಾಡ, ಬಂದ್ನಿ!"

ಬ್ಯಾಗ್ ಎಳೆದುಕೊಂಡು ಬಂದವನು ಏದುಸಿರು ಬಿಡುತ್ತಾ ಪಕ್ಕದಲ್ಲಿ ಕೂತ.

"ಕೇ... ಕೇಳಿಸ್ತಾ?"

"ಕಂಡಕ್ಟರ್‌ಗೂ ಕೇಳೇತಿ! 'ಇಳೀರಿ ಸಾರ್, ನಿಮ್ಮೋರು ಕರೀತಾವ್ರೆ' ಅಂದ."

ನಿಮ್ಮೋರು... ಸುವರ್ಣಾ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಅವಳ ಬಗ್ಗೆ ಯಾರೂ ಯಾರಿಗೂ ಹಾಗೆ ಹೇಳಿರಲಿಲ್ಲ.

"ಇನ್ನೊಮ್ಮೆ ಒದರು," ಅಂದ ಬಾಳೇಶ.

"ಇಲ್ಲೇ ಇದೀಯಲ್ಲ, ಯಾಕೆ?"

"ಇಲ್ಲೇ ಅದೀನಿ ಅಂತನ."

ಅವಳು ಭುಜ ಮುಟ್ಟಲಿಲ್ಲ. ಕಣ್ಣೊರೆಸಿಕೊಂಡು, ಮೆಲ್ಲಗೆ ಕರೆದಳು.

"ಬಾಳೇಶಾ..."

"ಓ!"