ಪುಟದ ಬುಡದ ಖಾಲಿ ಸಾಲು

ಕದ್ದ ಮಾಲು ಅಂಗಡಿಯಲ್ಲಿ ಎಲ್ಲರ ಕಣ್ಣೆದುರೇ ಕೂತಿತ್ತು. ಚೆಂದದ ರಕ್ಷಾಪುಟ, ಯಾರೂ ಕೇಳಿರದ ಲೇಖಕನ ಹೆಸರು, ಬೇರೆಯದೇ ಶೀರ್ಷಿಕೆ.

ಕಚೇರಿಯವರೆಲ್ಲ ಅಕ್ಕ ಎಂದು ಕರೆಯುವವಳು ಅದನ್ನು ಕಂಡದ್ದು ಬೆಳಗಿನ ಕೆಲಸದ ನಡುವೆ. ಹೊಸ ಇ-ಪುಸ್ತಕ ಬಿಡುವ ಮುಂಚೆ, ಆನ್‌ಲೈನ್ ಅಂಗಡಿಯಲ್ಲಿ ಅದೇ ಬಗೆಯದು ಏನೇನು ಬಂದಿದೆ ಎಂದು ಕಣ್ಣಾಡಿಸುವುದು ಅವಳ ಪದ್ಧತಿ. ‘ನೀರಿನ ನೆರಳಲ್ಲಿ ಅವಳು’ ಎಂಬ ಪುಸ್ತಕದ ಮಾದರಿ ಪುಟ ತೆರೆದಳು. ಮೊದಲ ಸಾಲು ಓದಿದಳು.

‘ದೋಣಿ ಹೊರಟಿತು, ಅವನು ಇನ್ನೂ ಹಗ್ಗ ಬಿಚ್ಚಿರಲಿಲ್ಲ.’

ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಹೋಗಿ ಗೋಡೆಗೆ ಬಡಿಯಿತು. ಆ ಸಾಲನ್ನು ಕಳೆದ ತಿಂಗಳು ತಾನೇ ಕೈಯಾರೆ ತೊಳೆದು ಒಣಗಿಸಿದ್ದಳು. ಅದು ಟೀಚರಮ್ಮ ಎಂದೋ ಬರೆದಿಟ್ಟ ಕಾದಂಬರಿ, ‘ಮೂರನೇ ದೋಣಿ’. ಇನ್ನೂ ಬಿಡುಗಡೆಯೇ ಆಗಿರಲಿಲ್ಲ.

ತೊಳೆಯುವುದು ಎಂದರೆ ಅವರ ಕಚೇರಿಯ ಭಾಷೆ. ಹಳೆಯ ವರ್ಡ್ ಪ್ರೊಸೆಸರಿನಲ್ಲಿ ಬರೆದು ಫ್ಲಾಪಿಗಳಲ್ಲಿ ಕೊಳೆಹಾಕಿದ ಕಡತಗಳನ್ನು ಇ-ರೀಡರಿನಲ್ಲಿ ಓದುವ ಪುಸ್ತಕವಾಗಿಸುವುದು ಅವರ ದಂಧೆ. ಆ ಕಾಲದವರು ಟೈಪ್‌ರೈಟರ್ ಅಭ್ಯಾಸ ಬಿಡದೆ ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತುತ್ತಿದ್ದರು. ಪುಟದ ಅಂಕಿಯನ್ನು ತಾವೇ ಬಡಿಯುತ್ತಿದ್ದರು. ಅದನ್ನೆಲ್ಲ ಕಿತ್ತು, ಸಾಲು ಕೂಡಿಸಿ, ಅಧ್ಯಾಯ ಬೇರ್ಪಡಿಸಬೇಕು. ಕೂತು ಮಾಡುವ ಕೆಲಸ. ಅಕ್ಕನಿಗೆ ಕೂರುವುದೊಂದು ಬರುತ್ತಿರಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದಳು.

ಈಗ ಉಳಿದ ಮಾದರಿ ಪುಟಗಳನ್ನು ನಿಂತೇ ಓದಿ, ಇ-ರೀಡರ್ ಹಿಡಿದು ಹೋದದ್ದು ಮ್ಯಾನೇಜರ್ ಕೋಣೆಗೆ.

ಅವರು ಇ-ರೀಡರನ್ನು ತೋಳುದ್ದ ಹಿಡಿದು ನೋಡಿದರು. ತೀರಾ ನೀಟಾದ ಮನುಷ್ಯ. ಕನ್ನಡಕ ಜೇಬಿನಲ್ಲಿರುತ್ತದೆ, ಮೂಗಿನ ಮೇಲೆ ಬರುವುದಿಲ್ಲ. ಅವರು ಮುದ್ರಿಸಿ ಅಂಟಿಸುವ ನೋಟೀಸುಗಳನ್ನು ಬೀದಿಯಾಚೆಯ ದರ್ಜಿಯೂ ಓದಿಕೊಳ್ಳುತ್ತಾನೆ: ‘ದೀಪ ಆರಿಸಿ ಹೋಗಿ.’

“ಕಾದಂಬರಿ ನನಗೆ ಆಗಿಬರಲ್ಲ, ಇದರಲ್ಲಿ ಒಂದು ಸಾಲೂ ನಾನು ಓದಿಲ್ಲ. ನೀವೇ ಹೇಳಿ ಅಕ್ಕ, ಅದೇನಾ?”

“ಅದೇ ಸಾರ್. ನಾಯಕಿನ ಮಾತ್ರ ಬದಲಾಯಿಸಿದ್ದಾರೆ. ಟಿಕೆಟ್ ಕೊಡೋಳು ನರ್ಸ್ ಆಗಿದ್ದಾಳೆ.”

“ಕಡತ ಯಾರ ಯಾರ ಕೈಯಲ್ಲಿತ್ತು?”

“ನನ್ನ ಹತ್ರ. ಮತ್ತೆ...” ಅವಳು ನಿಲ್ಲಿಸಿದಳು.

“ನಿಮ್ಮ ಮೈದುನನ ಹತ್ರ,” ಎಂದು ಮ್ಯಾನೇಜರ್ ಮುಗಿಸಿದರು. “ನೀವೇ ತಂದು ಸೇರಿಸಿದ ಹುಡುಗ.”

ಮಾತು ಮೆತ್ತಗಿತ್ತು, ಆದರೆ ನಾಟಿತು. ಟೀಚರಮ್ಮ ಸಂಜೆ ಬರುತ್ತಾರೆ, ದೂರಿಗೆ ಸಹಿ ಹಾಕಿಸಿಕೊಂಡು ಪೊಲೀಸರಿಗೆ ಕೊಡುತ್ತೇನೆ, ಅಷ್ಟರೊಳಗೆ ಅವನೇ ಒಪ್ಪಿಕೊಂಡರೆ ಅವನಿಗೂ ಒಳ್ಳೆಯದು ಎಂದರು. ದೂರಿನಲ್ಲಿ ಯಾರ ಹೆಸರು ಎಂದು ಅಕ್ಕ ಕೇಳಲಿಲ್ಲ.

* * *

ಮೈದುನ ತನ್ನ ಮೇಜಿನ ಹತ್ತಿರ ಇರಲಿಲ್ಲ. ಕರಡು ತಿದ್ದುವವರು ಇದ್ದರು. ಮಾತಿನ ನಡುವೆ ನಿಂತು ನಿಂತು ಮುಂದುವರಿಯುವ ಅವರಿಗೆ ಕಚೇರಿ ಇಟ್ಟ ಹೆಸರು ಅಲ್ಪವಿರಾಮ.

“ನನ್ನ ಹತ್ರ, ಕಾಗದದ ಪ್ರತಿ ಇದೆ,” ಎಂದರು ತಾವಾಗಿಯೇ. “ಪರದೆ ಮೇಲೆ ಓದಿದ್ರೆ, ತಲೆ ಸಿಡಿಯುತ್ತೆ, ಅದಕ್ಕೆ ಮುದ್ರಿಸಿಕೊಂಡೆ. ನನ್ನ ಮೇಲೂ, ಅನುಮಾನ ಪಡಬಹುದು ನೀವು.”

“ಪಟ್ಟಾಯ್ತು,” ಎಂದಳು ಅಕ್ಕ. “ಕೊಡಿ ಇಲ್ಲಿ.”

ಕಟ್ಟು ಕಂಕುಳಿಗೇರಿತು. ಮೈದುನ ಒಂದು ವಾರದಿಂದ ಊಟದ ಹೊತ್ತಿಗೆ ಹೇಳದೆ ಕೇಳದೆ ಎಲ್ಲೋ ಹೋಗುತ್ತಿದ್ದ. ಕೇಳಿದರೆ ‘ಇಲ್ಲೇ ಅತ್ತಿಗೆ’ ಎನ್ನುತ್ತಿದ್ದ. ಅವಳು ಆಚೀಚೆ ನೋಡಿದಳು. ನಂತರ ಅವನ ಮೇಜಿನ ಖಾನೆ ಎಳೆದಳು.

ಬಾಚಣಿಗೆ. ಒಂದು ತಣ್ಣನೆ ಬನ್ನು. ಅದರ ಹಿಂದೆ ಒಂದು ಪೆನ್‌ಡ್ರೈವ್.

ತನ್ನ ಕಂಪ್ಯೂಟರಿಗೆ ಚುಚ್ಚಿದಳು. ಅದರಲ್ಲಿ ಒಂದೇ ಕಡತ: ‘ಮೂರನೇ ದೋಣಿ’. ಕಚೇರಿಯ ಕಡತ ಹೊರಗೆ ಒಯ್ಯಬಾರದೆಂಬ ನೋಟೀಸು ಅವಳ ತಲೆಯ ಮೇಲೆಯೇ ಗೋಡೆಯಲ್ಲಿತ್ತು, ಆನೆ ಗಾತ್ರದ ಅಕ್ಷರದಲ್ಲಿ.

ಇವನು ಮದುವೆಯ ವರ್ಷ ಅವಳ ಚಪ್ಪಲಿ ಬಚ್ಚಿಟ್ಟು ಅಳಿಸಿದ ಪೋರ. ನಾಳೆ ಇವನನ್ನು ಪೊಲೀಸರು ಕರೆದೊಯ್ದರೆ ಗಂಡನಿಗೆ ಏನು ಹೇಳುವುದು? ಅತ್ತೆಗೆ?

ಅವಳು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಬೀದಿಗಿಳಿದಳು. ಮನೆ ಇದ್ದದ್ದು ಕಚೇರಿಯ ಹಿಂದಿನ ರಸ್ತೆಯಲ್ಲೇ.

* * *

ಮನೆಯ ಬಾಗಿಲು ತೆರೆದಿತ್ತು. ಮೈದುನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಊಟ ಮಾಡುತ್ತಿದ್ದ. ಅತ್ತೆ ಕಿಟಕಿಯ ಬಳಿ, ಅವನ ಹಳೇ ಇ-ರೀಡರ್ ಹಿಡಿದು.

“ಬಂದೆಯಾ,” ಎಂದರು ಅತ್ತೆ. “ಸ್ವಲ್ಪ ಸುಮ್ಮನಿರು. ದೋಣಿ ಮಗುಚೋ ಹಾಗಿದೆ.”

ಅಕ್ಕ ಮೈದುನನ ಕಡೆ ತಿರುಗಿದಳು. ಅವನ ತುತ್ತು ಕೈಯಲ್ಲೇ ಉಳಿಯಿತು.

“ಅಮ್ಮನಿಗೆ ಸಣ್ಣಕ್ಷರ ಕಾಣಲ್ಲ ಅತ್ತಿಗೆ. ಇದರಲ್ಲಾದ್ರೆ ದೊಡ್ಡದು ಮಾಡಬಹುದು. ಕಥೆ ಚೆನ್ನಾಗಿತ್ತು. ತಂದುಕೊಟ್ಟೆ. ದಿನಾ ಬಂದು ಚಾರ್ಜಿಗೆ ಹಾಕಿ ಹೋಗ್ತೀನಿ. ಅಮ್ಮನಿಗೆ ಅದೊಂದು ಬರಲ್ಲ.”

“ಬರುತ್ತೆ. ಆ ವೈರು ಸರಿ ಇಲ್ಲ,” ಎಂದರು ಅತ್ತೆ.

“ಬೇರೆ ಯಾರಿಗಾದ್ರೂ ಕೊಟ್ಯಾ?”

“ಯಾರಿಗೆ ಕೊಡ್ಲಿ? ಅಮ್ಮನ ಕೈಯಿಂದ ಅದು ಬಿಟ್ಟು ಬರಬೇಕಲ್ಲ.”

ನಂಬಲು ಮನಸ್ಸಿತ್ತು. ನಂಬಿದರೆ ಸಾಲದು, ತೋರಿಸಬೇಕು. ಅವಳು ಬಾಗಿಲಿನಿಂದ ಒಲೆಯ ತನಕ, ಒಲೆಯಿಂದ ಬಾಗಿಲ ತನಕ ನಡೆದಳು. ಏನಾಯಿತೆಂದು ಹೇಳಿದಳು. ತನ್ನ ಇ-ರೀಡರಿನಲ್ಲಿ ಕಳ್ಳ ಪುಸ್ತಕವನ್ನು ಪೂರ್ತಿ ಇಳಿಸಿಕೊಂಡಳು. ಅತ್ತೆ ಕೈಚಾಚಿ ಇಸಿದುಕೊಂಡರು.

“ನೋಡೋಣ, ಕಳ್ಳ ಎಷ್ಟು ಚೆನ್ನಾಗಿ ಬರೆದಿದ್ದಾನೆ ಅಂತ.”

ಓದಿದರು. ಮುಖ ಗಂಟಿಕ್ಕಿತು.

“ಇದೇನೇ ಇದು. ದೋಣಿಯವನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ. ಮುಂದಿನ ಸಾಲಲ್ಲೇ ನರ್ಸಮ್ಮ ತಲೆ ಬಾಚಿಕೊಳ್ತಿದ್ದಾಳೆ. ಅವಳನ್ನೂ ಒಳಗೆ ಹಾಕ್ಕೊಂಡ್ನಾ?”

“ಅವಳು ಆಚೆ ದಡದಲ್ಲಿ ಇದ್ದಾಳೆ ಅತ್ತೆ. ಅದು ಬೇರೆ ದೃಶ್ಯ.”

“ಮತ್ತೆ ನಮ್ಮದರಲ್ಲಿ ಅಲ್ಲಿ ಮೂರು ನಕ್ಷತ್ರ ಇದೆ. ಇದರಲ್ಲಿ ಏನೂ ಇಲ್ಲ.”

ಅಕ್ಕನ ಕಾಲು ನಿಂತಿತು. ಇ-ರೀಡರ್ ಕಿತ್ತುಕೊಂಡಳು. ಪುಟ ತಿರುಗಿಸಿದಳು. ಕಳ್ಳ ಪುಸ್ತಕದಲ್ಲಿ ದೃಶ್ಯಗಳ ನಡುವೆ ಬರೀ ಖಾಲಿ ಜಾಗ. ಹೆಚ್ಚಿನ ಕಡೆ ಸರಿಯಾಗಿಯೇ ಇತ್ತು. ಆದರೆ ಅಲ್ಲೊಂದು, ಇಲ್ಲೊಂದು, ಮುಂದೆ ಇನ್ನೊಂದು ಕಡೆ ಖಾಲಿ ಸಾಲು ಮಾಯವಾಗಿ ಎರಡು ದೃಶ್ಯಗಳು ಬೆಸೆದುಕೊಂಡಿದ್ದವು.

“ಗುಂಡ,” ಎಂದಳು ಮೈದುನನಿಗೆ, “ನಕ್ಷತ್ರ ಯಾರು ಹಾಕಿದ್ದು?”

“ನೀವೇ ಅಲ್ವಾ. ಟೀಚರಮ್ಮ ಬರೇ ಒಂದು ಸಾಲು ಖಾಲಿ ಬಿಟ್ಟಿದ್ರು. ತೊಳೆಯೋ ಮೊದಲೇ ನಕ್ಷತ್ರ ಹಾಕ್ಬೇಕು ಅಂತ ನೀವು ಪ್ರಾಣ ತೆಗೀತೀರಲ್ಲ.”

“ಕೈ ತೊಳ್ಕೊ. ನಡಿ.”

“ಇದನ್ನ ಇಲ್ಲೇ ಬಿಟ್ಟು ಹೋಗಿ,” ಎಂದರು ಅತ್ತೆ, ತಮ್ಮ ಇ-ರೀಡರನ್ನು ಸೆರಗಿನಡಿ ಸೇರಿಸುತ್ತ.

* * *

ಕಚೇರಿಯ ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದ್ದ ಒಂದು ಕಂಪ್ಯೂಟರ್ ಇತ್ತು. ಫ್ಲಾಪಿ ತೂರಿಸುವ ಬಾಯಿ ಇದ್ದದ್ದು ಅದಕ್ಕೊಂದಕ್ಕೇ. ಹೆಸರು ಮುದುಕಪ್ಪ. ಮುದುಕಪ್ಪನಿಗೆ ಇಂಟರ್‌ನೆಟ್ ಇಲ್ಲ, ಪೆನ್‌ಡ್ರೈವ್ ಹಿಡಿಸುವುದಿಲ್ಲ. ಅದರ ಹೊಟ್ಟೆಯಿಂದ ಕಡತ ತೆಗೆಯಲು ಒಂದು ಕೇಬಲ್ಲಿನ ಸರ್ಕಸ್ಸಿದೆ. ಅಕ್ಕನಿಗೂ ಮೈದುನನಿಗೂ ಬಿಟ್ಟು ಯಾರಿಗೂ ಬಾರದು. ಪಕ್ಕದ ಪ್ರಿಂಟರ್ ಮಾತ್ರ ಯಾರು ಒತ್ತಿದರೂ ಓಡುತ್ತದೆ.

ಅಕ್ಕ ಮೊದಲು ಅಲ್ಪವಿರಾಮದವರ ಕಟ್ಟು ಬಿಡಿಸಿದಳು. ಪ್ರತಿ ದೃಶ್ಯದ ನಡುವೆಯೂ ಮೂರು ನಕ್ಷತ್ರ. ಪುಟದ ಬುಡದಲ್ಲಿ ಬಿದ್ದ ಕಡೆಯೂ ಎದ್ದು ಕಾಣುತ್ತಿತ್ತು. ಇದನ್ನು ನೋಡಿ ನಕಲು ಮಾಡಿದವನು ದೃಶ್ಯಗಳನ್ನು ಬೆಸೆಯಲಾರ.

“ಹೋಗಿ, ನೀವು ಪಾರಾದ್ರಿ,” ಎಂದಳು.

“ಸಂತೋಷ,” ಎಂದು ಅವರು ಕುರ್ಚಿಗೆ ಒರಗಿದರು. ಒಮ್ಮೆಯೂ ನಿಲ್ಲದೆ ಆಡಿದ ಮಾತು ಅದೊಂದೇ.

ನಂತರ ಅವಳು ಕಪಾಟಿನಿಂದ ಹಾಳಾದ ಫ್ಲಾಪಿಗಳ ಡಬ್ಬಿ ಇಳಿಸಿದಳು. ಟೀಚರಮ್ಮ ಮೊದಲ ಸಲ ತಂದುಕೊಟ್ಟ ‘ಮೂರನೇ ದೋಣಿ’ ಅದರಲ್ಲಿತ್ತು. ಅದನ್ನು ಪರೀಕ್ಷಿಸಿ, ಓದಲಾಗುವುದಿಲ್ಲವೆಂದು ಹೇಳಿದ್ದವರು ಮ್ಯಾನೇಜರ್. ಮೇಲೆ ಅವರದೇ ಚೀಟಿ, ಆನೆ ಗಾತ್ರದಲ್ಲಿ: ‘ಹಾಳು’. ಆ ಚೀಟಿ ಬಿದ್ದ ಫ್ಲಾಪಿಯನ್ನು ಮತ್ತೆ ಮುಟ್ಟುವವರು ಅಲ್ಲಿ ಯಾರೂ ಇಲ್ಲ. ತಿಂಗಳಾದ ಮೇಲೆ ಟೀಚರಮ್ಮ ತಮ್ಮ ಹೊಲಿಗೆ ಡಬ್ಬಿಯಲ್ಲಿದ್ದ ಇನ್ನೊಂದು ಪ್ರತಿ ಹುಡುಕಿ ತಂದರು. ಕೆಲಸ ನಡೆದದ್ದು ಅದರಿಂದ.

ಅಕ್ಕ ‘ಹಾಳು’ ಫ್ಲಾಪಿಯನ್ನು ಮುದುಕಪ್ಪನ ಬಾಯಿಗೆ ಇಟ್ಟಳು. ಮುದುಕಪ್ಪ ಕೆಮ್ಮಿತು. ಗೊರ ಗೊರ ಎಂದಿತು.

ಕಡತ ತೆರೆದುಕೊಂಡಿತು.

“ಅತ್ತಿಗೆ,” ಎಂದ ಮೈದುನ ಪಿಸುದನಿಯಲ್ಲಿ.

“ಬಾಯಿ ಮುಚ್ಕೊಂಡು ಕಾಗದ ತುಂಬು.”

ಅವಳು ಯಾವುದನ್ನೂ ಬದಲಾಯಿಸದೆ ಮುದ್ರಿಸುವ ಗುಂಡಿ ಒತ್ತಿದಳು. ಹೋದ ಸಲ ಒತ್ತಿದವರ ಅಕ್ಷರದ ಗಾತ್ರ ಮುದುಕಪ್ಪನ ನೆನಪಿನಲ್ಲಿ ಉಳಿದಿರುತ್ತದೆ. ಪ್ರಿಂಟರ್ ನರಳುತ್ತ ಮೊದಲ ಪುಟ ಉಗುಳಿತು. ಬೀದಿಯಾಚೆಯ ದರ್ಜಿಯೂ ಓದಬಹುದಾದ ಅಕ್ಷರ.

* * *

ಟೀಚರಮ್ಮ ಬಂದಾಗ ಕಾಗದ ಇನ್ನೂ ಬಿಸಿಯಾಗಿತ್ತು. ಮ್ಯಾನೇಜರ್ ದೂರಿನ ಹಾಳೆ ಹಿಡಿದು ಹೊರಬಂದರು. ಟೀಚರಮ್ಮ ಕೊಡೆಯನ್ನು ಮೇಜಿಗೆ ಒರಗಿಸಿ ಕೂತರು. ಮೈದುನ ಗೋಡೆಗಂಟಿ ನಿಂತ. ಅಕ್ಕ ನಿಂತೇ ಇದ್ದಳು.

“ಸಹಿ ಹಾಕೋಕೆ ಮುಂಚೆ ಎರಡು ಮಾತು, ಟೀಚರಮ್ಮ. ಕದ್ದ ಪುಸ್ತಕದಲ್ಲಿ ಕೆಲವು ಕಡೆ ದೃಶ್ಯಗಳು ಅಂಟಿಕೊಂಡಿವೆ. ನನ್ನ ಮೈದುನನ ಹತ್ರ ಇದ್ದ ಕಡತದಲ್ಲಿ ಹಾಗಾಗೋಕೆ ಸಾಧ್ಯ ಇಲ್ಲ. ಅದರಲ್ಲಿ ನಕ್ಷತ್ರ ಇದೆ.”

“ಅವನು ತೆಗೆದು ಹಾಕಿರಬಹುದು,” ಎಂದರು ಮ್ಯಾನೇಜರ್.

“ತೆಗೆದಿದ್ರೆ ಎಲ್ಲಾ ಕಡೆ ಒಂದೇ ಥರ ಇರ್ತಿತ್ತು ಸಾರ್. ಇಲ್ಲಿ ಹೆಚ್ಚಿನ ಕಡೆ ಜಾಗ ಇದೆ, ಕೆಲವು ಕಡೆ ಮಾತ್ರ ಇಲ್ಲ. ಟೀಚರಮ್ಮ ಬಿಟ್ಟಿದ್ದು ಬರೀ ಖಾಲಿ ಸಾಲು. ಕಾಗದದ ಮೇಲೆ ಮುದ್ರಿಸಿದಾಗ ಆ ಖಾಲಿ ಸಾಲು ಪುಟದ ಬುಡಕ್ಕೆ ಬಿದ್ರೆ ಕಾಣಲ್ಲ. ಅಲ್ಲಿ ದೃಶ್ಯ ಮುಗೀತು ಅಂತ ಗೊತ್ತೇ ಆಗಲ್ಲ. ಕಳ್ಳ ಮೂಲ ಫ್ಲಾಪಿಯಿಂದ ಕಾಗದಕ್ಕೆ ಇಳಿಸಿಕೊಂಡ. ಒಂದೊಂದೇ ಪುಟ ಫೋನಿನಲ್ಲಿ ಫೋಟೊ ತೆಗೆದು ಅಕ್ಷರ ಮಾಡಿಸಿಕೊಂಡ. ಪುಟಕ್ಕೆ ಪುಟ ಅಂಟಿಸಿದ. ಕೇಬಲ್ ಹಾಕೋಕೆ ಬರೋನಿಗೆ ಈ ತಾಪತ್ರಯ ಯಾಕೆ? ಗುಂಡನಿಗೂ ನನಗೂ ಬರುತ್ತೆ.”

ಅವಳು ಕಾಗದದ ರಾಶಿಯನ್ನು ಮೇಜಿನ ಮೇಲಿಟ್ಟಳು. ಒಂದು ಹಾಳೆ ಎತ್ತಿದಳು. ಕೊನೆಯ ಸಾಲು: ಅವನು ಬಾಗಿಲು ಹಾಕಿಕೊಂಡ. ಮುಂದಿನ ಹಾಳೆಯ ಮೊದಲ ಸಾಲು: ಅವಳು ತಲೆ ಬಾಚಿಕೊಳ್ಳುತ್ತಿದ್ದಳು.

“ಅಂಟಿಕೊಂಡ ಜಾಗ ಎಲ್ಲಾನೂ ಈ ಗಾತ್ರದಲ್ಲಿ ಮುದ್ರಿಸಿದ್ರೆ ಪುಟದ ಬುಡಕ್ಕೇ ಬರುತ್ತೆ. ಒಂದೂ ತಪ್ಪಲ್ಲ. ಅಕ್ಷರ ಚಿಕ್ಕದು ಮಾಡಿ ನೋಡಿದೆ, ಒಂದೂ ಕೂಡಲ್ಲ. ಇದು ಬಂದದ್ದು ನೀವು ಹಾಳು ಅಂತ ಚೀಟಿ ಅಂಟಿಸಿದ ಫ್ಲಾಪಿಯಿಂದ ಸಾರ್.”

ಮ್ಯಾನೇಜರ್ ನಕ್ಕರು. “ನೋಟೀಸು ದೊಡ್ಡಕ್ಷರದಲ್ಲಿ ಹಾಕ್ತೀನಿ ಅಂತ ನಾನು ಕಳ್ಳನಾ? ಮುದುಕಪ್ಪನ ಗುಂಡಿ ಯಾರು ಬೇಕಾದ್ರೂ ಒತ್ತಬಹುದು. ಫ್ಲಾಪಿ ಅವತ್ತು ಓದಲಿಲ್ಲ, ಇವತ್ತು ಓದಿದೆ. ಹಳೇ ಸಾಮಾನು.”

ಬೇರೇನಾದರೂ ಸಿಕ್ಕೀತೇ ಎಂದು ಅಕ್ಕ ಹಾಳೆಗಳನ್ನು ಮತ್ತೆ ತಿರುವಿದಳು. ಮೈದುನನ ಕಾಲು ನೆಲ ಕೆರೆಯುವುದು ಕೇಳಿತು.

ಟೀಚರಮ್ಮ ಅಷ್ಟು ಹೊತ್ತೂ ಅಕ್ಕನ ಇ-ರೀಡರಿನಲ್ಲಿ ಕಳ್ಳ ಪುಸ್ತಕ ತಿರುವುತ್ತಿದ್ದರು.

“ಕದ್ದಿದ್ದಕ್ಕೆ ಬೇಜಾರಿಲ್ಲ,” ಎಂದರು, ತರಗತಿಯ ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ. “ಕೆಡಿಸಿದ್ದಾನಲ್ಲ ದಡ್ಡ. ಎಂಥ ಹುಡುಗಿ ಅವಳು. ಟಿಕೆಟ್ ಕೊಟ್ಟು ಕೊಟ್ಟು ಊರಿನ ಗುಟ್ಟೆಲ್ಲ ತಿಳಿದೋಳು. ಅವಳನ್ನ ನರ್ಸ್ ಮಾಡಿ ಕೂರಿಸಿದ್ದಾನೆ. ಬರೆಯೋಕೆ ಬರದ ಕೈ ಇದು.”

“ಕೆಡಿಸಿಲ್ಲ,” ಎಂದರು ಮ್ಯಾನೇಜರ್.

ಎಲ್ಲರೂ ತಿರುಗಿ ನೋಡಿದರು. ಮಾತಿನ ಭರದಲ್ಲಿ ಮ್ಯಾನೇಜರಿಗೆ ಅದು ಕಾಣಲಿಲ್ಲ.

“ಟಿಕೆಟ್ ಕೊಡೋಳ ಕಷ್ಟ ಯಾರಿಗೆ ಬೇಕು ಟೀಚರಮ್ಮ? ಏಳನೇ ಅಧ್ಯಾಯದಲ್ಲಿ ಅವನು ಜ್ವರದಲ್ಲಿ ಮಲಗ್ತಾನಲ್ಲ, ಅಲ್ಲಿ ನರ್ಸ್ ಇದ್ರೇನೇ ಕಳೆ ಬರೋದು. ನಿಮ್ಮ ಕೊನೆಯ ಮೂರು ಪುಟವಂತೂ...” ಕೈ ಗಾಳಿಯಲ್ಲೇ ನಿಂತಿತು.

“ಒಂದು ಸಾಲೂ, ಓದಿಲ್ಲ ಅಂದಿದ್ರಿ, ಬೆಳಿಗ್ಗೆ,” ಎಂದರು ಅಲ್ಪವಿರಾಮ. “ಗೋಡೆ ತೆಳ್ಳಗಿದೆ, ಕೇಳಿಸ್ತು.”

ಮ್ಯಾನೇಜರ್ ನಿಧಾನವಾಗಿ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಅದನ್ನು ಹಾಕಿದ್ದ ಅವರನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಬೇರೆ ಯಾರೋ ನಿಂತಂತಿತ್ತು.

“ಆರು ಕಾದಂಬರಿ ಬರೆದೆ,” ಎಂದರು. “ಎಲ್ಲಾ ವಾಪಸ್ ಬಂತು. ಇದು ಒಂದೇ ಪ್ರತಿ ಅಂದ್ಕೊಂಡಿದ್ದೆ. ಹೊಲಿಗೆ ಡಬ್ಬಿ ಗೊತ್ತಿರಲಿಲ್ಲ.”

“ಆ ಹುಡುಗನ್ನ ಯಾಕೆ ಸಿಕ್ಕಿಸೋಕೆ ಹೋದೆ?” ಟೀಚರಮ್ಮ ಕೇಳಿದರು.

ಟೀಚರಮ್ಮ ದೂರಿನ ಹಾಳೆ ಎಳೆದುಕೊಂಡು, ಅದರಲ್ಲಿದ್ದ ಹೆಸರನ್ನು ಹೊಡೆದು, ಮೇಲೆ ಇನ್ನೊಂದು ಬರೆದು ಸಹಿ ಹಾಕಿದರು.

* * *

ಇಬ್ಬರೂ ಮನೆಗೆ ಹೊರಟರು. ದರ್ಜಿ ಅಂಗಡಿ ದಾಟಿದ ಮೇಲೆ ಮೈದುನ ಕೇಳಿದ.

“ಪೆನ್‌ಡ್ರೈವ್ ನನ್ನ ಖಾನೇಲಿತ್ತು. ನಿಮ್ಮ ಕೈಗೆ ಹೇಗೆ ಬಂತು ಅತ್ತಿಗೆ?”

“ತೆಗೆದು ನೋಡಿದೆ.”

“ಅಂದ್ರೆ ನೀವೂ ನಾನೇ ಅಂದ್ಕೊಂಡ್ರಿ.”

ಅಕ್ಕ ನಡಿಗೆ ಜೋರು ಮಾಡಲು ನೋಡಿದಳು. ಆಗಲಿಲ್ಲ. “ಅಂದ್ಕೊಂಡೆ ಕಣೋ. ನಿನ್ನ ಖಾನೆಯಿಂದ ನಮ್ಮ ಮನೆ ಬಾಗಿಲ ತನಕ.”

ಅವನು ಅದನ್ನು ಅಳೆದು ನೋಡುವವನಂತೆ ಹಿಂದಕ್ಕೆ ತಿರುಗಿ ರಸ್ತೆ ನೋಡಿದ.

“ಹತ್ತಿರಾನೇ ಇದೆ,” ಎಂದ ಕೊನೆಗೆ.

ಒಳಗೆ ಅತ್ತೆ ದೀಪ ಹಾಕದೆ ಕೂತಿದ್ದರು. ಇ-ರೀಡರಿನ ಬೆಳಕು ಮುಖದ ಮೇಲಿತ್ತು.

“ಕಳ್ಳ ಸಿಕ್ಕಿದ್ನಾ?” ಎಂದರು ತಲೆಯೆತ್ತದೆ. “ಸಿಕ್ಕಿದ್ರೆ ಆಮೇಲೆ ಹೇಳು. ಈಗ ತಾನೇ ನಕ್ಷತ್ರ ಬಂತು, ಇದೊಂದು ದೃಶ್ಯ ಮುಗಿಸ್ಕೊಳ್ತೀನಿ.”

ಮೈದುನ ವೈರು ಹುಡುಕತೊಡಗಿದ. ಅಕ್ಕ ಅವನ ಊಟದ ತಟ್ಟೆ ತೊಳೆದಿಟ್ಟು, ಬೆಳಿಗ್ಗೆ ಕುರ್ಚಿ ಬಿಟ್ಟೆದ್ದ ಮೇಲೆ ಮೊದಲ ಸಲ ಕೂತಳು.