ಇದ್ದಿಲು ಪ್ರಕಾಶನದ ಭಾನುವಾರಗಳು

ಸಿಂಗಪುರದ ಹೌಗಾಂಗ್‌ನ ಕಮ್ಯುನಿಟಿ ಕ್ಲಬ್ಬಿನಲ್ಲಿ ಕನ್ನಡಿಗರ ಯುಗಾದಿ ಕಾರ್ಯಕ್ರಮ. ಮೂಲೆಯಲ್ಲೊಂದು ಪುಸ್ತಕದ ಮೇಜು. ಅದರ ಹಿಂದೆ ಕೂತಿದ್ದವಳ ಗುಂಗುರು ಕೂದಲಲ್ಲಿ ಕಿಟಕಿಯ ಬಿಸಿಲು ಸಿಕ್ಕಿಕೊಂಡಿತ್ತು. ಆಫ್ರಿಕಾದವಳಿರಬೇಕು ಎಂದುಕೊಂಡ ನಿಶ್ಚಿತಾ, ಈ ಕನ್ನಡ ಪುಸ್ತಕಗಳು ಯಾರದೆಂದು ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಕೇಳಿದಳು.

"ನನ್ನವೇ. ಕನ್ನಡದಲ್ಲೇ ಕೇಳಿ, ನಾನು ಹಳಿಯಾಳದವಳು."

ನಿಶ್ಚಿತಾಳ ಕಿವಿ ಬಿಸಿಯಾಯಿತು. ಆಕೆ ಕಣ್ಣಂಚಿನಲ್ಲಿ ನಕ್ಕು, ಕುರ್ಚಿಯೊಂದನ್ನು ಮುಂದಕ್ಕೆ ತಳ್ಳಿದಳು.

ಅವಳು ಕ್ಲಾರಾ ಸಿದ್ದಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆಸಿದ ಸಿದ್ದಿಗಳ ಮಗಳು. ಪುಸ್ತಕಗಳ ಪುಟ ವಿನ್ಯಾಸ ಮಾಡುವ ಕೆಲಸಕ್ಕೆಂದು ಸಿಂಗಪುರಕ್ಕೆ ಬಂದವಳು, ಅಲ್ಲಿ ಕಾಯಂ ನೆಲೆಸುವ ಪರವಾನಗಿ ಸಿಕ್ಕಮೇಲೆ ಪುಂಗೋಲ್‌ನ ಫ್ಲ್ಯಾಟಿನಲ್ಲಿ ಸ್ವಂತ ಪ್ರಕಾಶನ ಶುರು ಮಾಡಿದ್ದಳು. ಹೆಣ್ಣನ್ನು ಪ್ರೀತಿಸುವ ಕಪ್ಪು ಹೆಣ್ಣುಮಕ್ಕಳ ಬರಹಗಳನ್ನೇ ಅದು ಪ್ರಕಟಿಸುತ್ತಿತ್ತು. ಶಾಲೆಯಲ್ಲಿ ತನ್ನನ್ನು ಹಂಗಿಸಿದ ಹೆಸರನ್ನೇ ಅದಕ್ಕೆ ಇಟ್ಟಿದ್ದಳು: ಇದ್ದಿಲು.

ನಿಶ್ಚಿತಾ ಮೈಸೂರಿನವಳು. ಅಕ್ಕ ನಾಗಮಣಿಯ ಜೊತೆ ಪುಂಗೋಲ್‌ನಲ್ಲೇ ಇದ್ದು ಐಟಿ ಕೆಲಸ ಮಾಡುತ್ತಿದ್ದಳು. ಅನುವಾದಕ್ಕೆ ನೆರವಾಗುತ್ತೇನೆಂದು ಭಾನುವಾರಗಳಲ್ಲಿ ಕ್ಲಾರಾಳ ಮನೆಗೆ ಹೋಗತೊಡಗಿದಳು.

ಆ ಭಾನುವಾರಗಳಿಗೆ ಗಡಿಯಾರವೇ ಇರಲಿಲ್ಲ. ಕಿಟಕಿಯ ಕೆಳಗೆ ಎಲ್‌ಆರ್‌ಟಿ ರೈಲು ಮೆಲ್ಲಗೆ ಸರಿದುಹೋಗುತ್ತಿತ್ತು. ಹಾಳೆಗಳ ಮೇಲೆ ಇಬ್ಬರೂ ಬಾಗಿದಾಗ ಕ್ಲಾರಾಳ ಕೂದಲು ನಿಶ್ಚಿತಾಳ ಕೆನ್ನೆ ಸವರಿದರೆ ಆಮೇಲಿನ ಸಾಲೇ ಮರೆತುಹೋಗುತ್ತಿತ್ತು.

"ಓದ್ತಾ ಇದೀರಾ, ನನ್ನೇ ನೋಡ್ತಾ ಇದೀರಾ?"

"ಪ್ರೂಫ್ ನೋಡ್ತಾ ಇದೀನಿ."

"ತಪ್ಪು ಸಿಕ್ತಾ?"

"ಒಂದೂ ಇಲ್ಲ."

ಟ್ರಿನಿಡಾಡ್‌ನ ಒಬ್ಬಳು, ಲಂಡನ್ನಿನ ಇನ್ನೊಬ್ಬಳು, ಯಲ್ಲಾಪುರದ ಇಬ್ಬರು ಬರೆದ ಪ್ರೇಮಕವಿತೆಗಳ ಸಂಕಲನ ಸಿದ್ಧವಾಯಿತು. ಮುಖಪುಟದಲ್ಲಿ ಅನುವಾದಕಿಯೆಂದು ತನ್ನ ಹೆಸರು ಕಂಡೊಡನೆ ನಿಶ್ಚಿತಾಳಿಗೆ ಕನಸು ಒಡೆದಂತಾಯಿತು. ಅಕ್ಕ ನೋಡುತ್ತಾಳೆ, ಮೈಸೂರಿಗೆ ಸುದ್ದಿ ಹೋಗುತ್ತದೆ, ಹೆಸರು ತೆಗೆದುಬಿಡಿ ಎಂದು ಕೇಳಿಕೊಂಡಳು.

ಕ್ಲಾರಾ ಮುಖಪುಟದ ಹಾಳೆಯನ್ನು ಮಗುಚಿಟ್ಟಳು. "ತೆಗೀತೀನಿ. ಅದು ನಿಮ್ಮ ಹಕ್ಕು. ಆದ್ರೆ ನಂಗೆ ಬೇಜಾರಾಗಿರೋದು ಬರೀ ಪುಸ್ತಕಕ್ಕಲ್ಲ."

ಆ ಮಾತು ನಿಶ್ಚಿತಾಳ ಜೊತೆಯಲ್ಲೇ ಮನೆಗೆ ಬಂತು. ಸಂಜೆ ಬೀನ್ಸ್ ಹೆಚ್ಚುತ್ತಿದ್ದ ಅಕ್ಕನ ಎದುರು ಕೂತು ಎಲ್ಲ ಹೇಳಿಬಿಟ್ಟಳು: ಕವಿತೆಗಳ ವಿಷಯ, ಕ್ಲಾರಾಳ ವಿಷಯ. ನಿನ್ನ ತಲೆ ಕೆಡಿಸಿದವರು ಯಾರು ಎಂದು ನಾಗಮಣಿ ಮೊದಲು ಕೇಳಿದಳು. ಯಾರೂ ಇಲ್ಲ, ನಾನಿರುವುದೇ ಹೀಗೆ ಎಂದಳು ನಿಶ್ಚಿತಾ. ಅಕ್ಕ ಚಾಕು ಕೆಳಗಿಟ್ಟು ಒಳಗೆ ಹೋದಳು.

ಮರುದಿನ ಪಾಸಿರ್ ರಿಸ್‌ನ ಕಡಲ ದಂಡೆಗೆ ಬರುವಂತೆ ನಿಶ್ಚಿತಾ ಕ್ಲಾರಾಳಿಗೆ ಮೆಸೇಜ್ ಮಾಡಿದಳು. ಇಬ್ಬರೂ ನೀರಂಚಿನಲ್ಲಿ ನಿಂತಾಗ ದೂರದ ಹಡಗುಗಳು ತಿಳಿಮಂಜಿನಲ್ಲಿ ತೇಲುತ್ತಿದ್ದವು.

"ಹೆಸರು ಇರ್ಲಿ. ಅಕ್ಕಂಗೆ ಹೇಳ್ದೆ."

"ಏನಂದ್ರು?"

"ಮಾತಾಡ್ತಿಲ್ಲ. ಆದ್ರೆ ಬೆಳಿಗ್ಗೆ ನಂಗೂ ಕಾಫಿ ಮಾಡಿಟ್ಟಿದ್ಲು."

ಕ್ಲಾರಾ ಅವಳತ್ತ ತಿರುಗಿದಳು. ನಿಶ್ಚಿತಾ ಒಂದು ಹೆಜ್ಜೆ ಹತ್ತಿರ ಬಂದಳು.

"ನೀವು ಅಂದ್ರೆ ಇಷ್ಟ ನಂಗೆ. ಯಾವತ್ತಿಂದಾನೋ. ಇನ್ಮೇಲೆ ನೀನು ಅಂತ ಕರೀಲಾ?"

ಅಲೆಯೊಂದು ಬಂದು ಇಬ್ಬರ ಪಾದ ತೋಯಿಸಿ ಹಿಂದೆ ಸರಿಯಿತು.

"ಕರಿ," ಅಂದಳು ಕ್ಲಾರಾ. "ನಾನಂತೂ ಮನಸ್ಸಲ್ಲಿ ನಿನ್ನ ಯಾವತ್ತೂ ಬಹುವಚನದಲ್ಲಿ ಕರೆದೇ ಇಲ್ಲ."